ಬೇಯಿಸದ ಮೊಟ್ಟೆಯ ಬಿಳಿ

ಇಪ್ಪತ್ತೊಂಬತ್ತು ವರ್ಷ ತುಂಬುವವರೆಗೆ ನಾನು ಒಡೆದ ಮೊಟ್ಟೆಯನ್ನು ನೋಡಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಹೇಳುತ್ತಿಲ್ಲ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಮೊಟ್ಟೆ ಅಂಗಳ ದಾಟಿ ಒಳಗೆ ಬಂದದ್ದಿಲ್ಲ, ಅಷ್ಟೇ. ಬದಿಯಡ್ಕದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಉಪ್ಪು ನೀರಿನಲ್ಲಿ ಮೊಟ್ಟೆ ತೇಲುವ ಪ್ರಯೋಗವನ್ನು ಕೂಡ ಬಟಾಟೆ ಹಾಕಿ ಮಾಡಿ ತೋರಿಸಿದವಳು. ಮಕ್ಕಳು ತಕರಾರು ತೆಗೆದರೆ "ತತ್ತ್ವ ಒಂದೇ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ನನ್ನ ಗಂಡ ಅಡುಗೆಯವರು. ಮದುವೆ, ಉಪನಯನ, ಗೃಹಪ್ರವೇಶ ಎಂದು ಊರೂರು ತಿರುಗಿ ಸಾವಿರ ಎಲೆಯ ಊಟವನ್ನು ಬೆವರು ಒರೆಸಿಕೊಳ್ಳದೆ ಮಾಡಿ ಮುಗಿಸುವವರು. ಆದರೆ ಮೊಟ್ಟೆಯ ವಿಷಯದಲ್ಲಿ ಅವರದ್ದೂ ನನ್ನಷ್ಟೇ ಪಾಂಡಿತ್ಯ. ಇಂಥ ಇಬ್ಬರು ಒಂದೇ ಮನೆಯಲ್ಲಿ ಸೇರಿದ್ದರಿಂದ ಆದ ಪೇಚಾಟವನ್ನೇ ಈಗ ಹೇಳಹೊರಟಿದ್ದೇನೆ.

ಎರಡು ಸಾವಿರದ ಹತ್ತರ ಆಸುಪಾಸು. ಮದುವೆಯಾಗಿ ಎರಡೂವರೆ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. "ವಿಶೇಷ ಎಂತ ಇಲ್ವಾ?" ಎಂದು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕೊನೆಗೆ ಸತ್ತವರ ಬೊಜ್ಜದ ಊಟದ ಪಂಕ್ತಿಯಲ್ಲಿ ಕೂಡ ಕೇಳುವವರಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಉಂಟು, ಪಾಯಸ ಉಂಟು" ಎಂದು ಒಬ್ಬರಿಗೆ ಎಲೆಯ ಮುಂದೆಯೇ ಹೇಳಿಬಿಟ್ಟಿದ್ದೆ. ಆದರೆ ಒಳಗೊಳಗೆ ಹೆದರಿಕೆ ಇತ್ತು. ಮಗು ಬೇಕೆಂಬ ಆಸೆ ಎಷ್ಟಿತ್ತೋ, ಆಗದಿದ್ದರೆ ಅದು ನನ್ನಿಂದಲೇ ಇರಬಹುದು ಎಂಬ ಭಯವೂ ಅಷ್ಟೇ ಇತ್ತು.

ದೀಪಾವಳಿ ಕಳೆದ ಮೇಲೆ ಇಬ್ಬರೂ ಕಾಸರಗೋಡಿಗೆ ಹೋಗಿ ಒಬ್ಬರು ಡಾಕ್ಟ್ರಮ್ಮನನ್ನು ಕಂಡೆವು. ವಯಸ್ಸಾದವರು, ಮಾತು ನೇರ. ನನ್ನ ಮುಟ್ಟು ಕೆಲವು ತಿಂಗಳು ಇಪ್ಪತ್ತೆಂಟು ದಿನಕ್ಕೆ, ಕೆಲವು ತಿಂಗಳು ಮೂವತ್ತನಾಲ್ಕಕ್ಕೆ. ಗಂಡ ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರುವುದಿಲ್ಲ. ಎಲ್ಲ ಕೇಳಿ ಅವರು ಕಾಗದದ ಮೇಲೊಂದು ಗೆರೆ ಎಳೆದರು.

"ನೋಡಿ ಟೀಚರ್, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿವಸ ಮೊದಲು ಅಂಡ ಹೊರಗೆ ಬರ್ತದೆ. ಬಂದ ಮೇಲೆ ಅದು ಒಂದು ದಿವಸ ಕೂಡ ಸರಿಯಾಗಿ ಕಾಯುದಿಲ್ಲ. ಗಂಡಸಿನ ವೀರ್ಯಾಣು ಹಾಗಲ್ಲ, ಒಳಗೆ ಮೂರು ದಿವಸ, ಕೆಲವೊಮ್ಮೆ ಐದು ದಿವಸವೂ ಬದುಕ್ತದೆ. ಬಸ್ಸು ಬರುವ ಮೊದಲೇ ಸ್ಟಾಪಿನಲ್ಲಿ ಜನ ನಿಂತಿರ್ಬೇಕು. ಬಸ್ಸು ಹೋದ ಮೇಲೆ ಓಡಿದ್ರೆ ಎಂತ ಪ್ರಯೋಜನ?"

"ಬಸ್ಸು ಯಾವಾಗ ಬರ್ತದೆ ಅಂತ ಗೊತ್ತಾಗುದು ಹೇಗೆ ಮೇಡಂ? ನನ್ನದು ತಿಂಗಳಿಗೊಂದು ಟೈಮು."

"ಅದಕ್ಕೇ ಕ್ಯಾಲೆಂಡರ್ ನಂಬಿ ಕೂರ್ಬೇಡಿ. ಒಂದು ಗುರುತು ಉಂಟು. ಆ ದಿನಗಳಲ್ಲಿ ಹೋಗುವ ಸ್ರಾವ ಮೊಟ್ಟೆಯ ಬಿಳಿ ಹಾಗೆ ಇರ್ತದೆ. ಅದು ಕಂಡ ದಿನಗಳನ್ನು ಬಿಡ್ಬೇಡಿ. ಆರು ತಿಂಗಳು ನೋಡಿ. ಆಗದಿದ್ರೆ ಇಬ್ಬರದ್ದೂ ಪರೀಕ್ಷೆ ಮಾಡುವ."

ಪರೀಕ್ಷೆ ಎಂಬ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ತಪ್ಪು ಯಾರದ್ದೆಂದು ಕಾಗದದ ಮೇಲೆ ಬರೆದು ಕೈಗೆ ಕೊಡುತ್ತಾರಲ್ಲ, ಆ ಕಾಗದ ನನಗೆ ಬೇಡವಾಗಿತ್ತು. ಆರು ತಿಂಗಳೊಳಗೆ ಹೇಗಾದರೂ ಆಗಿಯೇ ಆಗಬೇಕೆಂದು ಅಲ್ಲೇ ನಿಶ್ಚಯಿಸಿದೆ. ಮೊಟ್ಟೆಯ ಬಿಳಿ ಎಂದರೇನೆಂದು ಕೇಳುವ ಯೋಚನೆಯೇ ಬರಲಿಲ್ಲ. ಅದು ನನಗೆ ಗೊತ್ತಿದೆ ಎಂದೇ ಎಣಿಸಿದ್ದೆ.

ಯಾಕೆಂದರೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ಉಸ್ತುವಾರಿ ನನ್ನದು. ವಾರಕ್ಕೊಮ್ಮೆ ಮಕ್ಕಳಿಗೆ ಮೊಟ್ಟೆ. ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆಗಳು ದೊಡ್ಡ ಪಾತ್ರೆಯಲ್ಲಿ ಬರುತ್ತಿದ್ದವು. ನಾನು ಎರಡು ಮಾರು ದೂರ ನಿಂತು, ಸೆರಗನ್ನು ಮೂಗಿಗೆ ಹಿಡಿದು, ಎಲ್ಲರಿಗೂ ಸಿಕ್ಕಿತೇ ಎಂದು ನೋಡುತ್ತಿದ್ದೆ. ಬೆಳ್ಳಗೆ, ಗಟ್ಟಿಯಾಗಿ, ಸುಣ್ಣ ಬಳಿದ ಗೋಡೆಯ ಹಾಗಿರುತ್ತಿತ್ತು. ಮೊಟ್ಟೆಯ ಬಿಳಿ ಅಂದರೆ ಅದಲ್ಲದೆ ಮತ್ತೇನು?

ಹೊಸ ನೋಟ್ ಪುಸ್ತಕ ತಂದೆ. ಟೀಚರ್ ಬುದ್ಧಿ, ಗೆರೆ ಎಳೆದು ಕಾಲಂ ಮಾಡಿದೆ. ದಿನಾ ಬರೆದೆ. ಮೊದಲ ತಿಂಗಳು ಹದಿನೈದನೆಯ ದಿನದ ಹೊತ್ತಿಗೆ ನೀರಿನ ಹಾಗೆ, ಜಾರುವಂಥದ್ದು ಏನೋ ಕಂಡಿತು. ಎದುರಿನ ಕಾಲಮಿನಲ್ಲಿ "ಇದಲ್ಲ" ಎಂದು ಬರೆದೆ. ಮೂರು ನಾಲ್ಕು ದಿನ ಕಳೆದು ದಪ್ಪಗೆ, ಬೆಳ್ಳಗೆ ಕಂಡಿತು. "ಬಂತು!" ಎಂದು ಬರೆದು ಅಡಿಗೆರೆ ಹಾಕಿ ಗಂಡನಿಗೆ ಫೋನು ಮಾಡಿದೆ.

ಫೋನು ಇದ್ದದ್ದು ಜಗಲಿಯಲ್ಲಿ, ಅತ್ತೆ ಕೂರುವ ಕುರ್ಚಿಯ ಪಕ್ಕ. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಗಿತ್ತು. "ಗ್ಯಾಸ್ ಮುಗಿದಿದೆ" ಎಂದರೆ ಎಲ್ಲಿದ್ದರೂ ಮನೆಗೆ ಬರಬೇಕು.

"ಗ್ಯಾಸ್ ಮುಗಿದದ್ದಾ?" ಎಂದು ಅತ್ತೆ ಎದ್ದು ಹೋಗಿ ಸಿಲಿಂಡರನ್ನು ಅಲುಗಾಡಿಸಿ ನೋಡಿದರು. "ಇದರಲ್ಲಿ ತುಂಬ ಉಂಟಲ್ಲ, ಮೊನ್ನೆ ತಂದದ್ದು!"

"ಅದು... ಉರಿ ಸಣ್ಣ ಆಗಿದೆ ಅತ್ತೆ."

ಅತ್ತೆ ನನ್ನ ಮುಖವನ್ನೊಮ್ಮೆ, ಸಿಲಿಂಡರನ್ನೊಮ್ಮೆ ನೋಡಿ ಒಳಗೆ ಹೋದರು. ಮನೆಯ ಮಾತು ತುಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ನೋಟಕ್ಕೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಹೀಗೆ ಐದು ತಿಂಗಳು ನಡೆಯಿತು. ಗಟ್ಟಿ ಬಿಳಿಯ ದಿನ ಬಂದರೆ ಗಂಡ ಒಪ್ಪಿಕೊಂಡ ಅಡುಗೆಯನ್ನು ಬೇರೆಯವರಿಗೆ ವಹಿಸಿ ಓಡಿ ಬರುತ್ತಿದ್ದರು. "ಇವರಿಗೆ ಈಚೆಗೆ ಎಂತದೋ ಆಗಿದೆ" ಎಂದು ಊರವರು ಮಾತಾಡಿಕೊಳ್ಳುವಂತಾಯಿತು. ಗುರುತು ತಪ್ಪದೆ ಕಾಣುತ್ತಿತ್ತು, ಪುಸ್ತಕ ತುಂಬುತ್ತಿತ್ತು, ಮುಟ್ಟೂ ತಪ್ಪದೆ ಬರುತ್ತಿತ್ತು. ಪ್ರತಿ ಸಲವೂ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆ. ಹೊರಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ.

ಮಾರ್ಚ್ ತಿಂಗಳು. ಶಾಲೆಯಲ್ಲಿ ಅಂದು ಮೊಟ್ಟೆಯ ದಿನ. ಬೇಗ ಹೋಗಿದ್ದೆ, ಬೇಯಿಸುವುದು ಇನ್ನೂ ಶುರುವಾಗಿರಲಿಲ್ಲ. ಅಡುಗೆಯ ಅಕ್ಕ ಮೂರು ಮಕ್ಕಳ ತಾಯಿ, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳು ಟ್ರೇ ಎತ್ತುವಾಗ ಒಂದು ಮೊಟ್ಟೆ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಒಡೆಯಿತು. ಹಳದಿಯ ಸುತ್ತ ಗಾಜಿನ ಹಾಗೆ ಪಾರದರ್ಶಕವಾದ ಏನೋ ಹರಡಿಕೊಂಡಿತು.

"ಅಕ್ಕ, ಇದು ಹಾಳಾದ ಮೊಟ್ಟೆ. ಇದರಲ್ಲಿ ಬಿಳಿಯೇ ಇಲ್ಲ" ಎಂದೆ, ಉಸ್ತುವಾರಿಯ ಗತ್ತಿನಲ್ಲಿ.

"ಎಂತ ಟೀಚರೇ, ಇದೇ ಬಿಳಿ. ಬೆಂದ ಮೇಲೆ ಬೆಳ್ಳಗೆ ಆಗುದು." ಅವಳು ಎರಡು ಬೆರಳಿನಿಂದ ಮುಟ್ಟಿ ಎತ್ತಿದಳು. ಅದು ನೂಲಿನ ಹಾಗೆ ಎಳೆದುಕೊಂಡು ಬಂತು.

ನಾನು ನಿಂತಲ್ಲೇ ನಿಂತೆ. ಆಮೇಲೆ ಏನು ಮಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಬಗ್ಗಿ ನನ್ನ ಬೆರಳನ್ನೂ ಅದರಲ್ಲಿ ಅದ್ದಿದೆ. ನುಣ್ಣಗೆ, ಜಾರುವಂಥದ್ದು. ತಲೆಗೆ ಹಚ್ಚಲು ಕಿವುಚಿದ ದಾಸವಾಳ ಸೊಪ್ಪಿನ ಲೋಳೆಯ ಹಾಗೆ.

"ಅಯ್ಯಯ್ಯೋ! ಟೀಚರ್ ಮುಟ್ಟಿದ್ರಾ!" ಅಕ್ಕ ಗಾಬರಿಯಾಗಿ ಚೊಂಬು ನೀರು ಹಿಡಿದು ಓಡಿ ಬಂದಳು.

ನನಗೆ ನೀರು ಬೇಕಾಗಿರಲಿಲ್ಲ. ಸ್ಟಾಫ್ ರೂಮಿಗೆ ಓಡಿ ಬ್ಯಾಗಿನಿಂದ ಪುಸ್ತಕ ತೆಗೆದು ನೋಡಿದೆ. ಐದು ತಿಂಗಳೂ ಇತ್ತು. ಪ್ರತಿ ತಿಂಗಳೂ ಮೂರು ನಾಲ್ಕು ದಿನ "ನೀರಿನ ಹಾಗೆ, ಜಾರುವುದು" ಎಂದೂ, ಅದರೆದುರು ನನ್ನದೇ ದುಂಡು ಅಕ್ಷರದಲ್ಲಿ "ಇದಲ್ಲ", "ಇದಲ್ಲ", "ಇದಲ್ಲ" ಎಂದೂ ಇತ್ತು. ಬೇಕಾದ ದಿನಗಳನ್ನೆಲ್ಲ ನಾನೇ ಕೆಂಪು ಶಾಯಿಯಲ್ಲಿ ಫೇಲು ಮಾಡಿದ್ದೆ. ದಪ್ಪ ಬಿಳಿ ಕಂಡು ಗಂಡನನ್ನು ಓಡಿಸಿಕೊಂಡು ಬರುವ ಹೊತ್ತಿಗೆ ಬಸ್ಸು ಹೊರಟು ಹೋಗಿ ಎರಡು ಮೂರು ದಿನವಾಗಿರುತ್ತಿತ್ತು.

ಅಕ್ಕನಿಗೆ ಹೇಳದೆ ಇರಲಾಗಲಿಲ್ಲ. ಕೇಳಿ ಅವಳು ಸೌದೆಯ ಮೇಲೆ ಕುಳಿತುಬಿಟ್ಟಳು.

"ಹಾಗಾದ್ರೆ ನೀವು ಇಷ್ಟು ದಿವಸ ಬೆಂದ ಮೊಟ್ಟೆಯನ್ನು ಕಾದು ಕೂತದ್ದಾ ಮಾರಾಯ್ತಿ?"

ಟೀಚರಿಗೆ ಮಾರಾಯ್ತಿ ಎಂದದ್ದು ಅವಳ ಗಮನಕ್ಕೆ ಬರಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂದು ಮಕ್ಕಳ ಊಟ ಕಾಲು ಗಂಟೆ ತಡವಾಯಿತು.

ಸರಿಯಾದ ಗುರುತು ಮೊದಲ ಬಾರಿಗೆ ಕಂಡದ್ದು ಏಪ್ರಿಲಿನಲ್ಲಿ. ಶಾಲೆಗೆ ರಜೆ, ಮದುವೆಗಳಿಗೆ ಸುಗ್ಗಿ. ಗಂಡ ಎಣ್ಮಕಜೆಯ ಕಡೆ ಮರುದಿನ ನಡೆಯುವ ಒಂದು ಮದುವೆಗೆ ಅಂದು ಬೆಳಿಗ್ಗೆಯೇ ಹೋಗಿದ್ದರು. ಫೋನು ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ರೇಂಜ್ ಇಲ್ಲವೆಂದಿತು. ಮತ್ತೊಂದು ತಿಂಗಳು ಹೋಯಿತು ಎಂದು ಜಗಲಿಯಲ್ಲೇ ಕುಸಿದು ಕುಳಿತೆ.

ಅತ್ತೆ ಹೂ ಕಟ್ಟುತ್ತಿದ್ದರು. ತಲೆ ಎತ್ತದೆ ಹೇಳಿದರು. "ಅವನಿಗೆ ಫೋನಿನಲ್ಲಿ ಕೇಳುದಿಲ್ಲ. ಒಂದೂವರೆಗೆ ಜೀಪು ಉಂಟು. ನೀನೇ ಹೋಗಿ ಗ್ಯಾಸ್ ಮುಗಿದಿದೆ ಅಂತ ಹೇಳು."

ನಾನು ಕೆಂಪಗಾಗಿ ಎದ್ದು ಸೀರೆ ಬದಲಿಸಿದೆ. ಅವರಿಗೆ ಎಷ್ಟು ತಿಂಗಳಿನಿಂದ ಗೊತ್ತಿತ್ತೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮದುವೆ ಮನೆಗೆ ಕರೆಯದೆ ಹೋದದ್ದು ಜೀವನದಲ್ಲಿ ಅದೊಂದೇ ಸಲ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಬೆಲ್ಲ ನೀರು ಕೊಟ್ಟು, ಯಾರು ಏನು ಎಂದು ಕೇಳದೆ, ತರಕಾರಿ ಹೆಚ್ಚುವ ಹೆಂಗಸರ ನಡುವೆ ಕೂರಿಸಿಬಿಟ್ಟರು. ಎದ್ದು ಹೋದರೆ ಮರ್ಯಾದೆಯಲ್ಲ. ಒಂದು ಗುಡ್ಡೆ ಸೌತೆಕಾಯಿ ಹೆಚ್ಚಿ ಮುಗಿಸಿದ ಮೇಲೆಯೇ ಚಪ್ಪರದ ಹಿಂದಿನ ಅಡುಗೆಯ ಜಾಗಕ್ಕೆ ಹೋಗಲು ಸಾಧ್ಯವಾದದ್ದು. ಗಂಡ ದೊಡ್ಡ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದರು. ನನ್ನನ್ನು ಕಂಡು ಅವರ ಮುಖ ಬಿಳಿಚಿತು.

"ಎಂತ ಆಯ್ತು? ಅಮ್ಮನಿಗೆ ಹುಷಾರಿಲ್ವಾ?"

ಸುತ್ತ ಐದಾರು ಜನ. ಬೇರೆ ದಾರಿಯಿರಲಿಲ್ಲ. "ಗ್ಯಾಸ್ ಮುಗಿದಿದೆ" ಎಂದೆ.

ಅವರ ಜೊತೆ ಇಪ್ಪತ್ತು ವರ್ಷದಿಂದ ಅಡುಗೆ ಮಾಡುವ ಹಿರಿಯರೊಬ್ಬರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಕನಿಕರದಿಂದ ಹೇಳಿದರು. "ಅದಕ್ಕೆ ಇಷ್ಟು ದೂರ ಬಂದದ್ದಾ ಅಮ್ಮ? ಇಲ್ಲಿ ಒಂದು ಸಿಲಿಂಡರ್ ಹೆಚ್ಚಿಗೆ ಉಂಟು. ಜೀಪಿಗೆ ಹಾಕಿಸಿ ಕೊಡ್ಲಾ?"

ನನ್ನ ಗಂಡ ಆ ದಿನ ಸಾಂಬಾರಿಗೆ ಉಪ್ಪನ್ನು ಎರಡು ಸಲ ಹಾಕಿದರೆಂದು ಆಮೇಲೆ ತಿಳಿಯಿತು. ಸಂಜೆಯ ಕೆಲಸವನ್ನು ಆ ಹಿರಿಯರಿಗೆ ಒಪ್ಪಿಸಿ, ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ನಗು. ಮರುದಿನ ಬೆಳಗಾಗುವ ಮೊದಲೇ ವಾಪಸು ಒಲೆಯ ಮುಂದೆ ಹಾಜರು.

ಕಥೆಯಲ್ಲಾದರೆ ಆ ತಿಂಗಳೇ ಆಗಬೇಕಿತ್ತು. ಆಗಲಿಲ್ಲ. ಗುರುತು ಸರಿ ಸಿಕ್ಕಿದ ಕೂಡಲೇ ಆಗಲೇಬೇಕೆಂದೇನಿಲ್ಲ, ಎಲ್ಲ ಸರಿ ಇದ್ದವರಿಗೂ ಕೆಲವು ತಿಂಗಳು ಬೇಕಾಗುತ್ತದೆ ಎಂದು ಡಾಕ್ಟ್ರಮ್ಮ ಹೇಳಿದರು. ಆರು ತಿಂಗಳ ಗಡುವು ಮುಗಿದಿತ್ತು. ಬೆಂದ ಮೊಟ್ಟೆಯ ಕಥೆ ಹೇಳಿ, ಪರೀಕ್ಷೆಗೆ ಮೊದಲು ಇನ್ನೆರಡು ತಿಂಗಳು ಕೊಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು, ಒಪ್ಪಿದರು.

ಜೂನಿನಲ್ಲಿ ಶಾಲೆ ತೆರೆಯಿತು. ಮುಟ್ಟಿನ ದಿನ ದಾಟಿ ಒಂದು ವಾರವಾಗಿತ್ತು. ಬದಿಯಡ್ಕದ ಅಂಗಡಿಯಲ್ಲಿ ಪರಿಚಯದವರು ಇದ್ದಾರೆಂದು ಕಾಸರಗೋಡಿಗೆ ಹೋಗಿ ಬಸಿರು ನೋಡುವ ಕಿಟ್ ತಂದೆ. ಬೆಳಿಗ್ಗೆ ನೋಡಿದೆ, ಎರಡು ಗೆರೆ. ಕಣ್ಣುಜ್ಜಿ ಮತ್ತೆ ನೋಡಿದೆ, ಎರಡೇ. ಕೋಣೆಗೆ ಬಂದು ಗಂಡನ ಕೈಯಲ್ಲಿ ಇಟ್ಟೆ.

ಅವರು ಎದ್ದು ಹೋಗಿ ತಮ್ಮ ಅಡುಗೆಯ ಚೀಲದಿಂದ ಇಂಗಿನ ಡಬ್ಬ ತೆಗೆದರು. ಆ ಡಬ್ಬವನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ತಳದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟರು. ಲ್ಯಾಬಿನ ರಿಪೋರ್ಟು. ಅವರ ಹೆಸರು, ಜನವರಿಯ ತಾರೀಕು. ವೀರ್ಯದ ಪರೀಕ್ಷೆ. ಎಲ್ಲ ಸರಿಯಾಗಿದೆ ಎಂದಿತ್ತು.

"ನೀವು ಒಬ್ಬರೇ ಹೋಗಿದ್ರಾ? ನನಗೆ ಯಾಕೆ ಹೇಳ್ಲಿಲ್ಲ?"

"ಹೇಳುವ ಅಂತಲೇ ಹೋದದ್ದು. ತೊಂದರೆ ನನ್ನದು ಅಂತ ಬಂದಿದ್ರೆ ಅವತ್ತೇ ಹೇಳ್ತಿದ್ದೆ. ಸರಿ ಉಂಟು ಅಂತ ಬಂತು. ಅದನ್ನು ನಿನ್ನ ಕೈಗೆ ಕೊಟ್ರೆ ಎಂತ ಅರ್ಥ? ಉಳಿದದ್ದು ನೀನು ಅಂತ ಅಲ್ವಾ?"

ಫೆಬ್ರವರಿಯಲ್ಲಿ ಒಂದು ದಿನ, ಮುಟ್ಟಾದ ಸಿಟ್ಟಿನಲ್ಲಿ, ನಾನು ಇವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ತೊಂದರೆ ನಿಮ್ಮದೇ ಇರಬೇಕು, ಗಂಡಸರಿಗೆ ಹೋಗಿ ತೋರಿಸಲು ನಾಚಿಕೆ ಎಂದಿದ್ದೆ. ಅವರು "ಇರ್ಬಹುದು" ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡು ಕೆಲಸಕ್ಕೆ ಹೋಗಿದ್ದರು. ಆ ಚೀಲದಲ್ಲಿ ಈ ಕಾಗದ ಇತ್ತು.

ನನಗೆ ಅಳು ತಡೆಯಲಾಗಲಿಲ್ಲ. ಈ ಮನುಷ್ಯನ ಮೇಲೆ ಅಷ್ಟು ಸಿಟ್ಟು, ಅಷ್ಟು ಪ್ರೀತಿ ಒಟ್ಟಿಗೇ ಬಂದದ್ದು ಅದೇ ಮೊದಲು. ಸದ್ದು ಕೇಳಿ ಅತ್ತೆ ಓಡಿ ಬಂದರು. ಕಾಗದ ಹಿಡಿದು ಅಳುತ್ತಿರುವ ನನ್ನನ್ನು ಕಂಡು ಬಾಗಿಲಲ್ಲೇ ನಿಂತರು.

"ಅಮ್ಮ, ಒಳ್ಳೆ ಸುದ್ದಿಯೇ" ಎಂದರು ಗಂಡ. "ಆಗಿದೆ."

ಅತ್ತೆಗೆ ಇಂಗ್ಲಿಷ್ ಬಾರದು. ನನ್ನ ಕೈಯಿಂದ ಆ ರಿಪೋರ್ಟನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ನೇರ ದೇವರ ಕೋಣೆಗೆ ಹೋಗಿ ದೇವರ ಮುಂದೆ ಇಟ್ಟು, ಮೇಲೊಂದು ತುಳಸಿ ದಳ ಹಾಕಿ ಅಡ್ಡಬಿದ್ದರು. ನಾವಿಬ್ಬರೂ ಹಿಂದೆ ನಿಂತು ಒಬ್ಬರನ್ನೊಬ್ಬರು ನೋಡಿದೆವು, ಅದು ಎಂಥ ಕಾಗದವೆಂದು ಬಾಯಿ ಬಿಡಲಿಲ್ಲ. ಮಗಳು ಹುಟ್ಟುವವರೆಗೂ ಅತ್ತೆ ಅದಕ್ಕೆ ದಿನಾ ಬೆಳಿಗ್ಗೆ ಹೂವಿಟ್ಟರು.