ಮೂರನೆಯ ಪೈಪಿನ ಸಪ್ಪಳ

ತಿಕೋಂಡಿಯಿಂದ ನಾವು ಹೊರಟಾಗ ಹೊತ್ತು ಆಗಷ್ಟೇ ಮೂಡಿತ್ತು. ಮಕ್ಕಳೇ, ನೀವು ಸೂಟಿಗೆ ಬಂದಾಗ ಹತ್ತಿ ಕುಣಿದಾಡುತ್ತೀರಲ್ಲ, ನಿಮ್ಮ ಅಜ್ಜನ ಆ ಹಳೆಯ ಜೀಪು, ಅದನ್ನು ಜತ್ತಕ್ಕೆ ಒಯ್ಯುತ್ತಿದ್ದೆವು. ಓಡಿಸುವವನು ನಿಮ್ಮ ಮಾಮ ಬಸವರಾಜ, ಪಕ್ಕದಲ್ಲಿ ನಾನು. ಅದರ ಇಂಜಿನ್ನಿನೊಳಗೆ ಕೆಲವು ದಿನಗಳಿಂದ ಟಕ್ ಟಕ್ ಎಂದು ಸಪ್ಪಳ ಬರುತ್ತಿತ್ತು. ಅಜ್ಜ ಹೋದ ಮೇಲೂ ಆ ಜೀಪು ವಡಾಪಿಗೆ, ಅಂದರೆ ಊರಿಂದೂರಿಗೆ ಜನರನ್ನು ತುಂಬಿಕೊಂಡು ಹೋಗುವ ಬಾಡಿಗೆಗೆ, ಓಡುತ್ತಲೇ ಇತ್ತು. ಈ ಸಪ್ಪಳ ಕೇಳಿ ಜನ ಹತ್ತಲು ಹೆದರಿದರು. ಹಳೆ ಕಬ್ಬಿಣ ಕೊಳ್ಳುವ ಭಂಗಾರದವನು ಒಂದು ಸಲ ಬಂದು ಜೀಪಿನ ಸುತ್ತ ತಿರುಗಿ ನೋಡಿಕೊಂಡೂ ಹೋಗಿದ್ದ.

"ಕೆಳಗಿನ ಬೇರಿಂಗ್ ಹೋಗಿತ್ತಂದ್ರ ಮುಗೀತು ಯವ್ವಾ. ಅಲ್ಲೇ ಭಂಗಾರಕ್ಕ ಹಾಕಿ ಬಸ್ಸಿಗೆ ಬರ್ತೀನಿ," ಎಂದಿದ್ದ ಬಸವರಾಜ. ಹಾಗೇನಾದರೂ ಆದರೆ ಆ ಬಸ್ಸಿನಲ್ಲಿ ಅವನೊಬ್ಬನೇ ಬರುವುದು ಬೇಡವೆನಿಸಿ ನಾನೂ ಹೊರಟೆ.

ಚಳಿಯಿತ್ತು. ಬಿಳಿಜೋಳದ ಹೊಲಗಳ ಮೇಲೆ ಮಂಜು ತೆಳ್ಳಗೆ ಹಾಸಿತ್ತು. ದೂರದ ದಿಬ್ಬದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಪಂಖಗಳು ನಿದ್ದೆಯಲ್ಲಿ ಕೈಯಾಡಿಸಿದಂತೆ ನಿಧಾನ ತಿರುಗುತ್ತಿದ್ದವು. ಅವುಗಳ ಕಾಲು ಮಂಜಿನಲ್ಲಿ ಮುಚ್ಚಿ ಹೋಗಿತ್ತು, ನೆಲಕ್ಕೆ ತಾಗದೆ ತಿರುಗುತ್ತಿದ್ದವು ಅನ್ನಿ. ನೋಡುತ್ತ ನೋಡುತ್ತ ನನಗೆ ಜೋಂಪು ಹತ್ತಿತು. ಸಪ್ಪಳ ಮಾತ್ರ ನಿಲ್ಲಲಿಲ್ಲ. ಯಾರೋ ಮನೆಯ ಕದ ಬಡಿಯುತ್ತಿದ್ದಾರೆ, ಅಜ್ಜ ವಡಾಪು ಮುಗಿಸಿ ಬಂದು ಅಂಗಳದಲ್ಲಿ ನಿಂತಿದ್ದಾರೆ ಎಂದು ತೋರಿತು. ಬಂದೆ ಬಂದೆ ಎನ್ನುತ್ತ ಕೈ ಚಾಚಿದೆ.

"ಯವ್ವಾ, ಬಾಗಲಾ ತಗೀಬ್ಯಾಡ!" ಬಸವರಾಜ ಚೀರಿ ನನ್ನ ತೋಳು ಹಿಡಿದ. ನನ್ನ ಕೈ ಜೀಪಿನ ಬಾಗಿಲ ಹಿಡಿಕೆಯ ಮೇಲಿತ್ತು.

ಮಾಡಗ್ಯಾಳದ ಹತ್ತಿರ ಕುರಿ ಹಿಂಡು ದಾರಿ ತುಂಬಿ ನಡೆದಿತ್ತು. ಬಿಳಿ ಮೈಯ ಮೇಲೆ ಕಂದು ಮಚ್ಚೆ, ಬಾಗಿದ ಉದ್ದ ಮೂಗಿನ ಕುರಿಗಳು ಮಂಜಿನಿಂದ ಬಂದು ಮಂಜಿನೊಳಗೇ ಹೋಗುತ್ತಿದ್ದವು. ಅವು ದಾಟುವವರೆಗೆ ಜೀಪು ನಿಂತೇ ಬಡಿದುಕೊಂಡಿತು. ಕುರಿ ಕಾಯುವವನು ಕಂಬಳಿಯೊಳಗಿಂದ ಮುಖ ತೆಗೆದು ನಕ್ಕ. "ಏನ್ರಿ ಸಾವಕಾರ್ರ, ಒಳಗ ಯಾರ್ನರೆ ಕೂಡಿಹಾಕಿ ಒಯ್ಯಾಕತ್ತೀರೇನು? ಬಿಡ್ರಿ ಪಾಪ, ಭಾಳ ಬಡಕೊಳ್ಳಾಕತ್ತಾರ!"

ಬಸವರಾಜನಿಗೆ ನಗು ಬರಲಿಲ್ಲ.

ಮುಂದೆ ಒಂದು ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಜತ್ತ ಮುಟ್ಟಿದಾಗ ಬಿಸಿಲು ಬಿದ್ದಿತ್ತು.

ಗ್ಯಾರೇಜು ನಿಮ್ಮ ಅಜ್ಜನ ಅಣ್ಣನದು. ಅವರು ನನಗೆ ಭಾವ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಅವರು ನಮ್ಮ ಮನೆಗೆ ಬಂದರೆ ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಿದ್ದರು, ನಾನು ಸೆರಗು ಹೊದ್ದು ಒಳಗೆ ಸರಿಯುತ್ತಿದ್ದೆ. ಚಹಾ ಆಗಿದೆ ಎಂದು ಹೇಳಬೇಕಾದರೂ ನಿಮ್ಮ ಅವ್ವನನ್ನೋ ಮಾಮನನ್ನೋ ಕಳಿಸುತ್ತಿದ್ದೆ. ಮದುವೆಯಾಗಿ ಬಂದಂದಿನಿಂದ ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಅಂದೂ ಗ್ಯಾರೇಜಿನ ಗೋಡೆಗೆ ಒತ್ತಿ ನಿಂತೆ.

ಭಾವನವರಿಗೆ ಈಗ ಕಿವಿ ಮಂದ. ಆದರೂ ಅವರಿಗೊಂದು ಉಪಾಯ ಗೊತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಅದರ ಮರದ ಹಿಡಿಯನ್ನು ಹಲ್ಲಿನಿಂದ ಕಚ್ಚಿದರು. ಸಪ್ಪಳ ಎಲುಬಿನೊಳಗಿಂದ ಬರುತ್ತದಂತೆ. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇಡೀ ಇಂಜಿನ್ನೇ ನಡಗತೈತೋ ತಮ್ಮಾ. ಬೇರಿಂಗ್ ಅನಸ್ತೈತಿ. ಎಲ್ಲಾ ಬಿಚ್ಚಿ ಜೋಡಸೋ ಅಷ್ಟು ಜೀವ ಈ ಗಾಡ್ಯಾಗ ಉಳದಿಲ್ಲ."

"ಹಂಗಾರ ಭಂಗಾರದವಗ ಫೋನ್ ಮಾಡ್ಲೇನ್ ದೊಡ್ಡಪ್ಪಾ?" ಬಸವರಾಜ ಕೂಗಿ ಕೇಳಿದ.

"ತಡಿ, ಪೈಪ್ ಒಂದು ನೋಡೂಣು. ನೀ ಒಳಗ ಕುಂತು ರೇಸ್ ಕೊಡು."

ಇಂಜಿನ್ನಿಗೆ ಡೀಸೆಲ್ ಒಯ್ಯುವ ಸಣ್ಣ ಪೈಪುಗಳು ನಾಲ್ಕು, ಒಳಗಿನ ಒಂದೊಂದು ಮನೆಗೆ, ಅಂದರೆ ಸಿಲಿಂಡರಿಗೆ, ಒಂದೊಂದು. ಒಂದರ ನಟ್ಟು ಸಡಿಲಿಸಿದರೆ ಆ ಮನೆಗೆ ಡೀಸೆಲ್ ಹೋಗುವುದಿಲ್ಲ, ಅದೊಂದು ಸುಮ್ಮನಾಗುತ್ತದೆ. ಆಗ ಬಡಿತವೂ ನಿಂತರೆ ರೋಗ ಆ ಮನೆಯದೇ. ಭಾವನವರು ಮೊದಲನೆಯದನ್ನು ಸಡಿಲಿಸಿದರು. ಬಡಿತ ಹಾಗೇ ಇತ್ತು. ಬಿಗಿದು ಎರಡನೆಯದು. ಹಾಗೇ ಇತ್ತು. ಮೂರನೆಯದನ್ನು ಸಡಿಲಿಸಿದಾಗ ಡೀಸೆಲ್ ಪಿಸ್ ಎಂದು ಚಿಮ್ಮಿತು, ಕದ ಬಡಿಯುತ್ತಿದ್ದವರು ಅಂಗಳ ಇಳಿದು ಹೋದಂತೆ ಸಪ್ಪಳ ನಿಂತಿತು.

ಭಾವನವರಿಗೆ ಅದು ತಿಳಿಯಲಿಲ್ಲ. ಮತ್ತೆ ಬಿಗಿದರು, ಸಪ್ಪಳ ಮರಳಿ ಬಂತು. ಎತ್ತಿದ ಬಾನೆಟ್ಟಿನ ಆಚೆ ಕುಳಿತ ಬಸವರಾಜನಿಗೆ ಅವರ ಕೈ ಕಾಣುತ್ತಿರಲಿಲ್ಲ, ಸಪ್ಪಳ ನಿಂತದ್ದು ತಾನು ಕೊಟ್ಟ ರೇಸಿನಿಂದ ಎಂದುಕೊಂಡನೇನೋ. ಅವರು ನಾಲ್ಕನೆಯದನ್ನೂ ನೋಡಿ, ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ಕೈ ಒರೆಸಿಕೊಳ್ಳತೊಡಗಿದರು. ಆ ಕೈ ಒರೆಸಿದ್ದರ ಅರ್ಥ ನನಗೆ ಗೊತ್ತಾಯಿತು. ಗೋಡೆ ಬಿಟ್ಟು ಬಂದೆ.

"ಮೂರನೇದರಾಗ ಸಪ್ಪಳ ಹೋಗಿತ್ರಿ," ಎಂದೆ. ಅವರಿಗೆ ಕೇಳಿಸಲಿಲ್ಲ. ಮೆಲ್ಲಗೆ ಆಡಿದರೆ ಅವರಿಗೆ ಕೇಳಿಸುವುದಿಲ್ಲವೆಂದು ಆಗ ಹೊಳೆಯಿತು. ಸೆರಗು ಹಿಂದೆ ಸರಿಸಿ, ದಾರಿಹೋಕರು ತಿರುಗಿ ನೋಡುವ ಹಾಗೆ ಕೂಗಿದೆ: "ಭಾವಾರ! ಮೂರನೇದು ಬಿಚ್ಚಿದಾಗ ಸಪ್ಪಳ ನಿಂತಿತ್ರಿ!"

ಅವರು ಕೈಯಲ್ಲಿನ ಅರಿವೆ ಹಾಗೇ ಹಿಡಿದು ನನ್ನನ್ನೇ ನೋಡಿದರು. ಬಸವರಾಜ ಬಾಯಿ ತೆರೆದುಕೊಂಡು ಕೆಳಗಿಳಿದ. ಭಾವನವರು ಮೂರನೆಯದನ್ನು ಮತ್ತೆ ಸಡಿಲಿಸಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

"ಇಷ್ಟ ಲಗೂ ಖುಷಿ ಪಡಬ್ಯಾಡ್ರಿ," ಎಂದರು. "ಬೇರಿಂಗ್ ಹೋಗಿದ್ರೂ ಹಿಂಗ ಆಗತೈತಿ." ಇಂಜಿನ್ನು ಬಂದ್ ಮಾಡಿಸಿ, ಮೂರನೆಯ ಮನೆಗೆ ಡೀಸೆಲ್ ಉಗುಳುವ ನೋಝಲ್ ಬಿಚ್ಚಿ ಮೊದಲನೆಯದಕ್ಕೆ ಹಾಕಿದರು, ಅಲ್ಲಿಯದನ್ನು ಇಲ್ಲಿಗೆ. ಬಡಿತ ಮೂರರಲ್ಲೇ ಉಳಿದರೆ ಬೇರಿಂಗಿನದು, ನೋಝಲ್ ಜೊತೆ ಹೋದರೆ ನೋಝಲ್‌ನದು. ಇಷ್ಟನ್ನೂ ಅವರು ಬಸವರಾಜನಿಗಲ್ಲ, ನನಗೇ ಹೇಳಿದರು.

ಜೀಪು ಮತ್ತೆ ಶುರುವಾಯಿತು. ನಾನು ಬಾನೆಟ್ಟಿನ ಪಕ್ಕ ಕಣ್ಣು ಮುಚ್ಚಿ ನಿಂತೆ. ಅವರು ಮೂರನೆಯದನ್ನು ಸಡಿಲಿಸಿದರು, ಬಡಿತ ನಿಲ್ಲಲಿಲ್ಲ. ಮೊದಲನೆಯದನ್ನು ಸಡಿಲಿಸಿದರು.

"ನಿಂತಿತ್ರಿ! ಇಲ್ಲೇ ಬಂದೈತ್ರಿ ಭಾವಾರ!"

"ಹಂಗಾರ ಬೇರಿಂಗ್ ಚಲೋ ಐತಿ. ನೋಝಲ್ ಅಷ್ಟ ಕೆಟ್ಟೈತಿ." ಅವರು ಬಸವರಾಜನ ಬೆನ್ನಿಗೆ ಒಂದು ಗುದ್ದಿದರು. "ನಿಮ್ಮವ್ವನ ಗ್ಯಾರೇಜಿನಾಗ ಬಿಟ್ಟು ಹೋಗೋ. ನಿನಗಿಂತ ಉಪಯೋಗ ಆಗತಾಳ."

ಇಂಜಿನ್ನಿನ ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿಯಿಂದ ನೋಝಲ್ ಸರಿಯಾಗಿ ಬರುವಷ್ಟರಲ್ಲಿ ಮಧ್ಯಾಹ್ನ ಬಾಗಿತ್ತು. ಎಲ್ಲ ಜೋಡಿಸಿದ ಮೇಲೆ ಬಸವರಾಜ ಕೀಲಿ ತಿರುಗಿಸಿದ. ಭಾವನವರು ಜೀಪಿನಲ್ಲಿ ನಾನು ಕುಳಿತ ಕಡೆಗೇ ಬಂದರು. ಕೆಮ್ಮಲಿಲ್ಲ.

"ನೀಲವ್ವಾ, ಈಗ ಹ್ಯಾಂಗ ಕೇಳತೈತಿ?"

ತಾವು ನೆಟ್ಟಗೆ ಮಾಡಿದ್ದು ತಮಗೇ ಕೇಳಿಸದೆ ಅವರು ಹಾಗೆ ಕೇಳಿದಾಗ, ಸುಮ್ಮನೆ ಚಲೋ ಐತಿ ಎನ್ನಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟೆ.

"ಎಮ್ಮಿ ಹೊಟ್ಟಿ ತುಂಬಿ ಮೆಲಕ ಹಾಕಿದಂಗ ಐತ್ರಿ ಭಾವಾರ," ಎಂದು ಕೂಗಿ ಹೇಳಿದೆ.

ಅವರು ನಕ್ಕು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಬಸವರಾಜ ಮೆಲ್ಲಗೆ ಗಾಡಿ ಬಿಟ್ಟ. ಬಾನೆಟ್ಟು ಅವರ ಅಂಗೈ ಕೆಳಗಿನಿಂದ ಜಾರಿ ಹೋಯಿತು. ತಿರುವಿನಲ್ಲಿ ನಾನು ತಿರುಗಿ ನೋಡಿದೆ. ಇಳಿಬಿಸಿಲಿನಲ್ಲಿ ಭಾವನವರು ಇನ್ನೂ ಅಲ್ಲೇ ನಿಂತಿದ್ದರು, ಅಂಗೈ ಗಾಳಿಯ ಮೇಲೆ ಹಾಗೇ ಚಾಚಿತ್ತು.