ಕಿವಿಗೆ ಬೀಳದ ಇಪ್ಪತ್ತು ಸೆಕೆಂಡು

ಬೀದಿಯವರೆಲ್ಲ ಅವಳನ್ನು ಹೊಲಿಗೆ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಮಷೀನು, ಎದುರು ಗೋಡೆಯ ಮೇಲೆ ಟೀವಿ, ಎರಡರ ನಡುವೆ ಅತ್ತೆಯ ಒರಗು ಕುರ್ಚಿ. ಶಾಲೆಯ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ಕಾವಲುಗಾರರ ಪ್ಯಾಂಟು, ಕಿಟಕಿಯ ಪರದೆ, ಹೀಗೆ ನೇರ ಹೊಲಿಗೆಯ ಕೆಲಸವೇ ಅವಳಿಗೆ ಹೆಚ್ಚು ಬರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಟೀವಿ ಹಚ್ಚಿದರೆ ಸಂಜೆ ಗಂಡ ಬರುವ ತನಕ ಅದು ಮಾತಾಡುತ್ತಲೇ ಇರಬೇಕು. ಗಂಡ ಬಸ್ ಡ್ರೈವರ್. ಮಕ್ಕಳಿಲ್ಲದ ಮನೆ. ಟೀವಿ ಸುಮ್ಮನಾದರೆ ಕೋಣೆ ಭಣಗುಡುತ್ತದೆ ಎಂದು ಅವಳೇ ಹೇಳುತ್ತಿದ್ದಳು.

ಅವಳು ಧಾರಾವಾಹಿ ನೋಡುತ್ತಿದ್ದದ್ದು ಕಿವಿಯಿಂದ. ಕಣ್ಣು ಸೂಜಿಯ ಮೇಲೆ, ಕಿವಿ ಕತೆಯ ಮೇಲೆ. ಯಾರು ಯಾರ ಮನೆ ಮುರಿದರು, ಯಾರ ಕಾಗದ ಯಾರ ಕೈಗೆ ಸಿಕ್ಕಿತು ಎಲ್ಲ ಅವಳಿಗೆ ಬಾಯಿಪಾಠ. ಆದರೆ ಜಾಹೀರಾತಿನ ಬ್ರೇಕ್ ಬಂತೋ, ಕಿವಿ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಂದು ಬ್ರೇಕ್ ಎಂದರೆ ಅಂಗಿಯ ನಾಲ್ಕು ಗುಂಡಿಮನೆ ಹೊಲಿಯುವಷ್ಟು ಹೊತ್ತು ಎಂಬುದು ಅವಳ ಲೆಕ್ಕ. ಐದನೆಯದಕ್ಕೆ ಸೂಜಿ ಚುಚ್ಚುವ ಹೊತ್ತಿಗೆ ಕತೆ ಮತ್ತೆ ಶುರುವಾಗಿರುತ್ತಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಗಂಡ ಚಾನೆಲ್ ಬದಲಿಸುತ್ತಿದ್ದ, ಹೋದವನು ಅಲ್ಲೇ ಕಳೆದುಹೋಗುತ್ತಿದ್ದ. ಅತ್ತೆಯದು ಎಲ್ಲಕ್ಕಿಂತ ಸುಲಭ. ಕಿವಿಯ ಮಷೀನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಕತೆಯವರು ಪಿಸುಗುಡುತ್ತಾರೆ, ಸಾಬೂನಿನವರು ಕತ್ತೆಯ ಹಾಗೆ ಅರಚುತ್ತಾರೆ ಎಂದು ಅವರ ದೂರು. ಇಷ್ಟೂ ಸಾಲದೆ ಹೊಲಿಗೆ ಅಕ್ಕನ ತೊಡೆಯ ಪಕ್ಕದಲ್ಲಿ ರಿಮೋಟು ಸದಾ ಇರುತ್ತಿತ್ತು. ಸದ್ದು ಅಡಗಿಸುವ ಗುಂಡಿಯ ಮೇಲಿನ ಗುರುತು ಸವೆದು ಹೋಗಿತ್ತು. ಅವಳ ಹೆಬ್ಬೆರಳಿಗೆ ಗುರುತೇನೂ ಬೇಕಾಗಿರಲಿಲ್ಲ.

ಆ ಮಂಗಳವಾರ ಅತ್ತೆ ಬೆಳಿಗ್ಗೆಯಿಂದಲೇ ಮಂಕಾಗಿದ್ದರು. ಹಿಂದಿನ ದಿನವೂ ಏಳುವಾಗ ತಲೆ ಸುತ್ತುತ್ತದೆ ಎಂದಿದ್ದರು. ಪಾದ ಊದಿ ಚಪ್ಪಲಿ ಬಿಗಿಯಾಗಿತ್ತು. ಎಪ್ಪತ್ತೆಂಟು ದಾಟಿದ ಜೀವ, ಒಂದು ದಿನ ಹಾಗೆ ಒಂದು ದಿನ ಹೀಗೆ ಎಂದುಕೊಂಡು ಹೊಲಿಗೆ ಅಕ್ಕ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಬ್ಯಾಂಕಿನ ಕಾವಲುಗಾರ ತನ್ನ ಪ್ಯಾಂಟು ಒಯ್ಯಲು ಬಂದ. ಅವನು ಬಾಗಿಲಲ್ಲಿ ನಿಂತಿದ್ದಾಗಲೇ ಅತ್ತೆ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು, ಎರಡು ಸಲ ನಿಂತು ನಿಂತು ಒಳಗಿನ ಕೋಣೆಗೆ ಮಲಗಲು ಹೋದರು. ಅಜ್ಜಿಗೆ ಹುಷಾರಿಲ್ಲವೇ ಎಂದು ಅವನು ಕೇಳಿದ. ವಯಸ್ಸು ಎಂದು ಇವಳು ಹೇಳಿದಳು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದ. ಹೂಂ ಎಂದು ಮಾತ್ರೆಯ ಹೆಸರು ಹೇಳಿದಳು. ಅವನು ಪ್ಯಾಂಟು ಮಡಿಸುವುದನ್ನು ನಿಲ್ಲಿಸಿದ.

“ಹಾಗಾದ್ರೆ ಒಂದ್ಸಲ ನೋಡ್ಬಿಡಿ ಅಕ್ಕ. ಕೆಲವು ಬ್ಯಾಚಲ್ಲಿ ಕಡಿಮೆ ಪವರಿನ ಮಾತ್ರೆ ಅಂತ ಬರೆದಿರೋ ಹಾಳೇಲಿ ಜಾಸ್ತಿ ಪವರಿಂದು ಸೇರ್ಕೊಂಡಿದೆಯಂತೆ. ಆ ಬ್ಯಾಚಿಂದು ಇದ್ರೆ ತಗೋಬೇಡಿ, ಡಾಕ್ಟರಿಗೆ ತೋರಿಸಿ ಅಂತ ಕಂಪನಿಯವರೇ ಹೇಳ್ತಿದ್ದಾರೆ.”

“ಯಾರು ಹೇಳಿದ್ದು ನಿಮಗೆ?”

“ಟೀವೀಲಿ. ಮೂರು ದಿನದಿಂದ ಬ್ರೇಕಿಗೊಂದ್ಸಲ ಹೇಳ್ತಾನೇ ಇದ್ದಾರಲ್ಲ. ನಿಮ್ಮನೇಲಿ ಯಾವಾಗ್ಲೂ ಟೀವಿ ಓಡ್ತಾನೇ ಇರುತ್ತೆ.”

ಅವನ ತಾಯಿಯೂ ಅದೇ ಹೆಸರಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೆ. ಅವರ ಹಾಳೆಯ ಬ್ಯಾಚ್ ನಂಬರು ಬೇರೆ ಇತ್ತು, ಬಚಾವಾದರು. ಆದರೆ ತಪ್ಪು ಬ್ಯಾಚಿನ ನಂಬರು ಯಾವುದು ಎಂದರೆ ಅವನಿಗೂ ನೆನಪಿಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಅವನು ಹೊರಟುಹೋದ.

ಹೊಲಿಗೆ ಅಕ್ಕ ಅಲಮಾರಿಗೆ ಓಡಿದಳು. ಅತ್ತೆಯದು ಏಳು ಮನೆಯ ಡಬ್ಬಿ. ಭಾನುವಾರ ಕೂತು ಒಂದು ವಾರದ ಮಾತ್ರೆಯನ್ನು ಬಿಡಿಸಿ ದಿನಕ್ಕೊಂದು ಮನೆಯಲ್ಲಿ ಹಾಕಿಟ್ಟರೆ ಅವರಿಗೆ ಸಮಾಧಾನ. ಖಾಲಿ ಹಾಳೆ ಕಸದ ಬುಟ್ಟಿಗೆ. ಆ ಬುಟ್ಟಿಯನ್ನು ಬೆಳಿಗ್ಗೆ ಏಳಕ್ಕೇ ಕಸದ ಗಾಡಿಗೆ ಇವಳೇ ಸುರಿದು ಬಂದಿದ್ದಳು. ಡಬ್ಬಿಯಲ್ಲಿ ಉಳಿದ ಮಾತ್ರೆಗಳು ಬೆಳ್ಳಗೆ, ಗುಂಡಗೆ, ಎಲ್ಲ ಒಂದೇ ತರಹ ಇದ್ದವು. ಭಾನುವಾರ, ಸೋಮವಾರ, ಮಂಗಳವಾರದ ಮನೆ ಖಾಲಿ. ಮೂರು ಮಾತ್ರೆ ಹೊಟ್ಟೆಗೆ ಹೋಗಿವೆ.

ಗಂಡನಿಗೆ ಫೋನ್ ಮಾಡಿದಳು. ಬಸ್ಸಿನಲ್ಲಿದ್ದಾಗ ಅವನು ಫೋನು ಆಫ್ ಮಾಡಿಟ್ಟಿರುತ್ತಾನೆ, ಅದು ಕೆಲಸದ ಕಟ್ಟಳೆ. ಮನೆಯಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡುವಂಥ ದೊಡ್ಡ ಫೋನು ಅದೊಂದೇ. ಇವಳದು ಗುಂಡಿ ಒತ್ತುವ ಹಳೆಯದು. ಔಷಧಿ ಅಂಗಡಿಗೆ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಮಧ್ಯಾಹ್ನ ಅವರು ಬಾಗಿಲು ಹಾಕಿದರೆ ತೆರೆಯುವುದು ನಾಲ್ಕಕ್ಕೆ.

ಆಗ ನೆನಪಾದದ್ದು ಬಿಲ್ಲು. ಔಷಧಿಯ ಬಿಲ್ಲಿನಲ್ಲಿ ಬ್ಯಾಚ್ ನಂಬರು ಅಚ್ಚಾಗಿರುತ್ತದೆ. ಬಿಲ್ಲನ್ನು ಅವಳು ಎಸೆಯುವವಳಲ್ಲ. ಹಿಂಬದಿ ಖಾಲಿ ಇರುವ ಯಾವ ಕಾಗದವನ್ನೂ ಎಸೆಯುವವಳಲ್ಲ. ಗಿರಾಕಿಗಳ ಅಳತೆಯನ್ನು ಅದರ ಮೇಲೇ ಬರೆದು ಆಯಾ ಬಟ್ಟೆಗೆ ಪಿನ್ ಚುಚ್ಚಿಡುತ್ತಿದ್ದಳು. ಅಂದರೆ ಆ ಬಿಲ್ಲು ಈಗ ಮೂಲೆಯಲ್ಲಿ ಎದೆಯೆತ್ತರಕ್ಕೆ ಬಿದ್ದಿರುವ ಬಟ್ಟೆಯ ರಾಶಿಯಲ್ಲಿ ಯಾರದೋ ಸೊಂಟದ ಸುತ್ತಳತೆ ಹೊತ್ತುಕೊಂಡು ಕೂತಿತ್ತು, ಬಟ್ಟೆ ಮಾಲೀಕರ ಮನೆಗೆ ಹೋಗಿಲ್ಲದಿದ್ದರೆ.

ಅವಳು ನೆಲದ ಮೇಲೆ ಕೂತು ಒಂದೊಂದೇ ಪಿನ್ ಬಿಚ್ಚಿದಳು. ದಿನಸಿಯ ಬಿಲ್ಲು, ಕರೆಂಟಿನ ಬಿಲ್ಲು, ಕನ್ನಡಕದ ಅಂಗಡಿಯದು. ಬೆರಳಿಗೆ ಎರಡು ಸಲ ಪಿನ್ ಚುಚ್ಚಿತು. ಬೇಕರಿಯವನ ಏಪ್ರನ್ನಿನ ಬಟ್ಟೆಯಲ್ಲಿ ಸಿಕ್ಕಿತು. ಮೇಲೆ ‘ಉದ್ದ ಮೂವತ್ತಾರು’ ಎಂದು ಅವಳದೇ ಬರಹ, ತಿರುಗಿಸಿದರೆ ಮಾತ್ರೆಯ ಹೆಸರು, ಪಕ್ಕದಲ್ಲಿ ಸಣ್ಣಕ್ಕೆ ನಂಬರು: ಕೆ ಏಳು ನಾಲ್ಕು ಸೊನ್ನೆ ಒಂದು ಒಂಬತ್ತು.

ಅರ್ಧ ಸಿಕ್ಕಿತು. ಇನ್ನರ್ಧ ಟೀವಿಯಲ್ಲಿ ಬರಬೇಕು.

ಅವಳು ಅತ್ತೆಯ ಕುರ್ಚಿಯ ತುದಿಯಲ್ಲಿ ಕೂತಳು. ಕೈಯಲ್ಲಿ ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ತುಂಡು, ಮೊಣಕಾಲ ಮೇಲೆ ಕಪ್ಪು ಬಟ್ಟೆಯ ಚೂರು. ಟೀವಿಯಲ್ಲಿ ಸೊಸೆಯೊಬ್ಬಳು ಮೆಟ್ಟಿಲ ಮೇಲೆ ನಿಂತು ಯಾರ ಮಾತನ್ನೋ ಕದ್ದು ಕೇಳುತ್ತಿದ್ದಳು. ಮುಗಿಸು ತಾಯಿ, ಬೇಗ ಮುಗಿಸು ಎಂದು ಹೊಲಿಗೆ ಅಕ್ಕನ ಮನಸ್ಸು ಹೊಡೆದುಕೊಂಡಿತು. ಬ್ರೇಕ್ ಬೇಗ ಬರಲಿ ಎಂದು ಅವಳು ಹುಟ್ಟಿದ ಮೇಲೆ ಬೇಡಿಕೊಂಡದ್ದು ಅದೇ ಮೊದಲು.

ಬಂತು. ಬಂದ ಕೂಡಲೇ ಟೀವಿಯ ಬಾಯಿ ಕಟ್ಟಿಹೋಯಿತು. ನೋಡಿದರೆ ಅವಳ ಹೆಬ್ಬೆರಳೇ ಗುಂಡಿ ಒತ್ತಿಬಿಟ್ಟಿದೆ. ಗಡಿಬಿಡಿಯಲ್ಲಿ ಮತ್ತೆ ಒತ್ತಿದಳು. ಹಲ್ಲುಪುಡಿ, ಗೋಡೆಗೆ ಬಳಿಯುವ ಬಣ್ಣ, ಸಿಮೆಂಟು, ಕೂದಲಿಗೆ ಹಚ್ಚುವ ಎಣ್ಣೆ. ಎಲ್ಲರೂ ನಗುತ್ತಿದ್ದರು, ಕುಣಿಯುತ್ತಿದ್ದರು. ಕೇಳಬೇಕೆಂದು ಕೂತರೂ ಮಾತು ಕಿವಿಯ ಹೊರಗೇ ಜಾರುತ್ತಿತ್ತು. ವರ್ಷಗಟ್ಟಲೆ ಹಾಕಿದ ಬಾಗಿಲು ತುಕ್ಕು ಹಿಡಿದಿತ್ತು. ಕೊನೆಗೆ ಬಿಳಿ ಕೋಟಿನ ಹೆಂಗಸೊಬ್ಬಳು ಬಂದಳು. ಹಿಂದೆ ತಣ್ಣನೆಯ ಸಂಗೀತ. ಈ ಮುಖವನ್ನು ಎಷ್ಟು ಸಲ ನೋಡಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು. ಮೂರು ದಿನದಿಂದ ಕಣ್ಣಂಚಿನಲ್ಲಿ ನೋಡುತ್ತಲೇ ಇದ್ದಳು, ಸಾಬೂನಿನವಳು ಎಂದುಕೊಂಡಿದ್ದಳು. ಹೆಂಗಸು ಮಾತ್ರೆಯ ಹೆಸರು ಹೇಳಿದಳು. ಅಡಿಯಲ್ಲಿ ಇರುವೆಗಳ ಸಾಲಿನಂತೆ ಸಣ್ಣ ಅಕ್ಷರ ಓಡಿತು. ಕೆ ಏಳು ನಾಲ್ಕು ಎನ್ನುವಷ್ಟರಲ್ಲಿ ಬಿಸ್ಕತ್ತಿನ ಜಾಹೀರಾತು ಬಂದುಬಿಟ್ಟಿತು. ಇಪ್ಪತ್ತು ಸೆಕೆಂಡೂ ಇರಲಿಲ್ಲ. ಸಹಾಯವಾಣಿಯ ನಂಬರನ್ನು ಮಾತ್ರ ಹೇಗೋ ಗೀಚಿಕೊಂಡಿದ್ದಳು. ಫೋನ್ ಮಾಡಿದರೆ ಎಲ್ಲ ಲೈನುಗಳೂ ಬ್ಯುಸಿ, ಕಾಯಿರಿ ಎಂದು ಹೇಳಿ ಕಂಪನಿಯ ಹಾಡು ಹಾಕಿದರು. ನೆಗಡಿಯ ಮುಲಾಮಿನ ಹಾಡು. ಅದನ್ನು ಅಡಗಿಸಲು ಗುಂಡಿ ಇರಲಿಲ್ಲ.

ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ಒಳಗೆ ಇಣುಕಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕರೆದಳು. ಅಲುಗಾಡಲಿಲ್ಲ. ಮತ್ತೆ ಕರೆದಳು, ಗಟ್ಟಿಯಾಗಿ. ಉಸಿರಾಡುತ್ತಿದ್ದಾರೋ ಇಲ್ಲವೋ ಹೊದಿಕೆಯ ಮೇಲಿಂದ ಗೊತ್ತಾಗಲಿಲ್ಲ. ಫೋನು ಎಸೆದು, ಭುಜ ಹಿಡಿದು ಅಲುಗಾಡಿಸಿದಳು. ದಿಂಬಿನ ಪಕ್ಕ ಇಟ್ಟಿದ್ದ ಕಿವಿಯ ಮಷೀನು ಉರುಳಿ ಕೆಳಗೆ ಬಿತ್ತು.

ಅತ್ತೆ ಕಣ್ಣು ಬಿಟ್ಟು, “ಬ್ರೇಕ್ ಮುಗೀತಾ?” ಎಂದರು.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಆದರೆ ಏಳಲು ಹೋದ ಅತ್ತೆ ಮಂಚದ ಅಂಚಿನಲ್ಲೇ ಕುಸಿದು ಕೂತರು. ತುಟಿ ಬೆಳ್ಳಗಾಗಿತ್ತು, ಹಣೆಯ ಮೇಲೆ ಬೆವರು. ನಂಬರು ಕಟ್ಟಿಕೊಂಡು ಏನು ಮಾಡುವುದು ಎಂದು ಹೊಲಿಗೆ ಅಕ್ಕನಿಗೆ ಆಗ ಅನಿಸಿತು. ನಂಬರು ಹೊಂದಲಿ ಬಿಡಲಿ, ತಲೆ ಸುತ್ತುತ್ತಿರುವುದಂತೂ ಕಣ್ಣೆದುರಿಗೇ ಇದೆ. ಒಂದು ಗಂಟೆ ಕಾಗದ ಕೆದಕುತ್ತ ಕೂತದ್ದಕ್ಕೆ ತನ್ನನ್ನೇ ಬೈದುಕೊಂಡಳು. ಮಾತ್ರೆಯ ಡಬ್ಬಿ, ಬಿಲ್ಲು ಎರಡನ್ನೂ ಚೀಲಕ್ಕೆ ಹಾಕಿದಳು. ಎದುರುಮನೆಯವರ ಕೈಯಲ್ಲಿ ಆಟೋ ತರಿಸಿ ಅತ್ತೆಯನ್ನು ತಬ್ಬಿಕೊಂಡು ಕೂರಿಸಿದಳು. ದಾರಿಯುದ್ದಕ್ಕೂ ಅತ್ತೆ ಕೇಳಿದ್ದು ಒಂದೇ: ಬಾಗಿಲಿಗೆ ಬೀಗ ಹಾಕಿದೆಯಾ?

ಆಸ್ಪತ್ರೆಯಲ್ಲಿ ಚೀಟಿ ಬರೆಸಿ ಪಡಸಾಲೆಯಲ್ಲಿ ಕಾಯಬೇಕಾಯಿತು. ಮೂವತ್ತು ಜನ ಬೆಂಚುಗಳ ಮೇಲೆ ಕೂತಿದ್ದರು. ಕಂಬದ ಮೇಲಿನ ಟೀವಿ ಸದ್ದಿಲ್ಲದೆ ಓಡುತ್ತಿತ್ತು; ಅದರ ಕಡೆ ಒಬ್ಬರೂ ತಲೆ ಎತ್ತಿರಲಿಲ್ಲ. ಅತ್ತೆಯ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಹೊಲಿಗೆ ಅಕ್ಕ ಒಬ್ಬಳೇ ನೋಡಿದಳು. ಹತ್ತು ನಿಮಿಷಕ್ಕೆ ಬಿಳಿ ಕೋಟಿನ ಹೆಂಗಸು ಬಂದಳು. ಈ ಸಲ ಹೊಲಿಗೆ ಅಕ್ಕ ಅವಳ ಮುಖ ನೋಡಲಿಲ್ಲ, ಅಡಿಯ ಸಾಲಿಗೆ ಕಣ್ಣು ನೆಟ್ಟಳು. ಕೆ ಏಳು ನಾಲ್ಕು ಸೊನ್ನೆ ಒಂದು ಏಳು. ಕೆ ಏಳು ನಾಲ್ಕು ಸೊನ್ನೆ ಒಂದು ಎಂಟು. ಕೆ ಏಳು ನಾಲ್ಕು ಸೊನ್ನೆ ಒಂದು ಒಂಬತ್ತು.

ಅತ್ತೆಯನ್ನು ಪಕ್ಕದ ಹೆಂಗಸಿಗೆ ಒಪ್ಪಿಸಿ ಅವಳು ಬಾಗಿಲ ಬಳಿಯ ನರ್ಸಿನ ಮುಂದೆ ಹೋಗಿ ನಿಂತಳು. ಬಿಲ್ಲು ತೋರಿಸಿ, ಟೀವಿಯ ಕಡೆ ಕೈ ಮಾಡಿದಳು. ಬಿಲ್ಲಿನ ಹಿಂಬದಿಯಲ್ಲಿದ್ದ ಬೇಕರಿಯವನ ಅಳತೆ ಓದಿದ ನರ್ಸು ಮೊದಲು ಗೊಂದಲಪಟ್ಟಳು, ತಿರುಗಿಸಿ ನೋಡಿದವಳು ತಕ್ಷಣ ಗಾಲಿಕುರ್ಚಿ ತರಿಸಿದಳು.

ಬಿ.ಪಿ. ತೀರಾ ಇಳಿದಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಡ್ರಿಪ್ ಹಾಕಿಸಿ, ಸಂಜೆಯವರೆಗೆ ಇಲ್ಲೇ ಇರಲಿ, ಏರುತ್ತದೆ, ಹೆದರಬೇಡಿ ಎಂದರು. ಆ ವಾರ ಇದೇ ಕಾರಣಕ್ಕೆ ಬಂದವರಲ್ಲಿ ಅತ್ತೆ ಆರನೆಯವರಂತೆ. ಬರೆದುಕೊಳ್ಳುತ್ತಲೇ ಅವರು ಸಹಜವಾಗಿ ಕೇಳಿದರು.

“ಮೂರು ದಿನದಿಂದ ಹೇಳ್ತಿದ್ದಾರಲ್ಲಮ್ಮ. ಮನೇಲಿ ಟೀವಿ ನೋಡಲ್ವಾ?”

“ಇಲ್ಲ, ನೋಡಲ್ಲ,” ಎಂದಳು ಹೊಲಿಗೆ ಅಕ್ಕ. ಆ ಸುಳ್ಳು ಯಾಕೆ ಹೇಳಿದೆ ಎಂದು ಆಮೇಲೆ ಬಹಳ ದಿನ ಕೊರಗಿದಳು.

ಐದೂವರೆಗೆ ಗಂಡ ಎದುರುಮನೆಯವರಿಂದ ಸುದ್ದಿ ತಿಳಿದು ಖಾಕಿ ಬಟ್ಟೆಯಲ್ಲೇ ಓಡಿ ಬಂದ. ಎಲ್ಲ ಕೇಳಿ ಮಂಚದ ಕಾಲಬದಿಯಲ್ಲಿ ಕೂತುಬಿಟ್ಟ. ಭಾನುವಾರ ರಾತ್ರಿ ಊಟದ ಹೊತ್ತಿಗೆ ಆ ಬಿಳಿ ಕೋಟಿನವಳು ಬಾಯಿ ತೆರೆಯುವುದಕ್ಕೂ ತಾನು ಚಾನೆಲ್ ಬದಲಿಸುವುದಕ್ಕೂ ಸರಿಹೋಗಿತ್ತು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಇವಳು ತಾನು ಸದ್ದು ಅಡಗಿಸುತ್ತಿದ್ದದ್ದನ್ನೂ ಹೇಳಿದಳು. ಅತ್ತೆಗೆ ಏನೂ ಕೇಳಿಸಲಿಲ್ಲ. ಕಿವಿಯ ಮಷೀನು ಮನೆಯಲ್ಲೇ ಉಳಿದಿತ್ತು. ಅವರ ಕೆನ್ನೆಗೆ ಬಣ್ಣ ಮರಳಿತ್ತು. ರಾತ್ರಿಯ ಊಟದ ಹೊತ್ತಿಗೆ ಮನೆಗೆ ಕರೆತಂದರು.

ಅತ್ತೆ ಎರಡೇ ದಿನದಲ್ಲಿ ಸುಧಾರಿಸಿಕೊಂಡರು. ಸುಧಾರಿಸದೆ ಉಳಿದವಳು ಹೊಲಿಗೆ ಅಕ್ಕ. ಬ್ರೇಕ್ ಬಂದರೆ ಅವಳ ಕಾಲು ಮಷೀನಿನ ಮೇಲೆ ನಿಂತುಬಿಡುತ್ತಿತ್ತು. ಯಾರಾದರೂ ಮಾತಾಡಿದರೆ ಕೈ ಎತ್ತಿ ತಡೆಯುತ್ತಿದ್ದಳು. ಹಲ್ಲುಪುಡಿಯಿಂದ ಸಿಮೆಂಟಿನ ತನಕ ಎಲ್ಲವನ್ನೂ, ಅಡಿಯಲ್ಲಿ ಓಡುವ ಸಾಲುಗಳ ಸಮೇತ, ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಗುಂಡಿಮನೆಗಳು ಹಾಗೇ ಉಳಿದವು. ಶಾಲೆಯ ಸಮವಸ್ತ್ರ ಒಂದು ವಾರ ತಡವಾಯಿತು. ಟೀವಿಯನ್ನೇ ಆರಿಸಿ ನೋಡಿದಳು. ಈಗಲೇ ಏನಾದರೂ ಹೇಳುತ್ತಿದ್ದರೆ ಎಂಬ ದಿಗಿಲು ಅರ್ಧ ಗಂಟೆಯನ್ನೂ ಕಳೆಯಗೊಡಲಿಲ್ಲ. ಕೊನೆಗೆ ಔಷಧಿ ಅಂಗಡಿಯವನ ಬಳಿ ಹೋಗಿ, ಇಂಥದ್ದೇನಾದರೂ ಬಂದರೆ ಫೋನ್ ಮಾಡಬೇಕೆಂದು ಹೇಳಿ, ತನ್ನ ನಂಬರನ್ನು ಅವನ ಪುಸ್ತಕದಲ್ಲಿ ಎದುರಿಗೇ ಬರೆಸಿ ಬಂದಳು. ಅವತ್ತು ರಾತ್ರಿ ಸ್ವಲ್ಪ ನಿದ್ದೆ ಹತ್ತಿತು.

ಆದರೂ ಕಿವಿ ಹಳೆಯ ಚಾಳಿಗೆ ಮರಳಲೇ ಇಲ್ಲ. ಅತ್ತೆಯದು ಮಾತ್ರ ಅದೇ ರೂಢಿ. ಬ್ರೇಕ್ ಬಂದರೆ ಮಷೀನು ತೆಗೆದು ಮಡಿಲಲ್ಲಿಟ್ಟು ಕಣ್ಣು ಮುಚ್ಚುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಕತೆ ಶುರುವಾದ ಮೇಲೆ ಮಷೀನು ಕಿವಿಗಿಟ್ಟುಕೊಂಡು ಸೊಸೆಯ ಕಡೆ ತಿರುಗುತ್ತಾರೆ.

“ಏನು ಹೇಳಿದ್ರು?”

“ಬಣ್ಣ ಅತ್ತೆ. ಗೋಡೇದು. ಹತ್ತು ವರ್ಷ ಹೋಗಲ್ವಂತೆ.”

“ನಮಗೆ ಬೇಕಾ?”

“ಬೇಡ.”

ಅತ್ತೆ ತಲೆಯಾಡಿಸಿ ಕತೆಯ ಕಡೆ ತಿರುಗುತ್ತಾರೆ. ಹೊಲಿಗೆ ಅಕ್ಕ ದಾರ ಪೋಣಿಸಿ ಮಷೀನಿನ ಮೇಲೆ ಕಾಲಿಡುತ್ತಾಳೆ, ಮುಂದಿನ ಬ್ರೇಕಿನವರೆಗೆ.