ಮೂರು ಗಾಲಿಯ ಮೇಲೆ ಕೂರಲು ಕಲಿಸಿದವರು

ಬೆನ್ನುಹುರಿಗೆ ಪೆಟ್ಟು ಬಿದ್ದವರ ಪುನಶ್ಚೇತನವೆಂದರೆ ಅವರನ್ನು ಹೇಗಾದರೂ ಮತ್ತೆ ನಿಲ್ಲಿಸುವುದು, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಸುವುದು ಎಂದೇ ನಮ್ಮ ತಮಿಳು ಕೊಂಗುನಾಡಿನ ಆಸ್ಪತ್ರೆಗಳೂ ಮನೆಗಳೂ ನಂಬಿಕೊಂಡಿದ್ದ ಕಾಲದಲ್ಲಿ, "ನಿಲ್ಲೋದು ಆಮೇಲೆ, ಮೊದಲು ಸರಿಯಾಗಿ ಕೂರೋಣ" ಎಂದು ಹೊರಟವರು ಶ್ರೀಮತಿ ಕುಮುದವಲ್ಲಿಯವರು. ಉಡುಮಲೈಯ ನಮ್ಮ ಕೇಂದ್ರದಲ್ಲಿ ದೈನಂದಿನ ಕೆಲಸಗಳ ತರಬೇತಿ ವಿಭಾಗವನ್ನು ಕಟ್ಟಿ, ಬೆಳೆಸಿ, ಈ ಪಂಗುನಿ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರು ನಮಗೆಲ್ಲ ಬರಿಯ 'ಟೀಚರ್'. ಎದೆಯಿಂದ ಕೆಳಗೆ ಸ್ಪರ್ಶವಿಲ್ಲದವರು ಮೂರು ಗಾಲಿಯ ಬೈಕಿನ ಮೇಲೆ ಭದ್ರವಾಗಿ ಕುಳಿತು ಊರಿಂದೂರಿಗೆ ಹೋಗಬಹುದೆಂಬುದು ಇಂದು ನಮ್ಮ ಕಡೆ ಯಾರಿಗೂ ಅಚ್ಚರಿಯ ಸಂಗತಿಯಲ್ಲವಾದರೆ, ಅದರ ಹಿಂದೆ ಅವರ ದುಡಿಮೆಯಿದೆ. ದಿನಚರಿಯಲ್ಲಲ್ಲದೆ ಬೇರೆಲ್ಲೂ ಹೆಚ್ಚು ಮಾತನಾಡದ ನನ್ನಂಥವಳಿಗೆ ಅವರ ಈ ಅಭಿನಂದನಾ ಸಂಪುಟದಲ್ಲಿ ಜಾಗ ಕೊಟ್ಟ ಸಂಪಾದಕರಿಗೆ ಋಣಿಯಾಗಿದ್ದೇನೆ.

ಟೀಚರ್ ಕೇಂದ್ರಕ್ಕೆ ಸೇರಿದ ಹೊಸದರಲ್ಲಿ ಬೈಕಿನ ಮಾತೇ ಇರಲಿಲ್ಲ. ಅದನ್ನು ತಂದವರು ದುರೈಕ್ಕಣ್ಣು ಅಣ್ಣ. ಲಾರಿ ಓಡಿಸುತ್ತಿದ್ದು, ಬೆನ್ನುಮೂಳೆ ಮುರಿದುಕೊಂಡು ಬಂದವರು. ಅವರು ತಮ್ಮ ಹಳೆಯ ಬೈಕಿನ ಹಿಂದಿನ ಗಾಲಿ ತೆಗೆಸಿ, ಪರಿಚಯದ ಲೇತಿನವರಿಂದ ಅಡ್ಡ ಅಚ್ಚು ಹಾಕಿಸಿ, ಎರಡು ಗಾಲಿ ಕೂರಿಸಿ, ಗೇರು ಬ್ರೇಕುಗಳನ್ನೆಲ್ಲ ಕೈಗೆ ತಂದುಕೊಂಡು, ಒಂದು ಬೆಳಿಗ್ಗೆ ಕೇಂದ್ರದ ಅಂಗಳಕ್ಕೆ ತರಿಸಿದರು. "ಮೂರು ಗಾಲಿ ಇದೆ ಟೀಚರ್, ಇನ್ನು ಬೀಳೋ ಮಾತೇ ಇಲ್ಲ, ಹಿಂದೆ ಕೂತ್ಕೊಳ್ಳಿ" ಎಂದರಂತೆ. ಟೀಚರ್ ಸೆರಗು ಸಿಕ್ಕಿಸಿ ಕುಳಿತೇಬಿಟ್ಟರು. ಬೇವಿನ ಮರದ ಹತ್ತಿರದ ತಿರುವಿನಲ್ಲಿ ಬೈಕು ಮಗುಚಿತು. ಅಣ್ಣನಿಗೆ ಏನೂ ಆಗಲಿಲ್ಲ. ಟೀಚರಿಗೆ ಹೆಗಲ ಮೂಳೆ ಮುರಿಯಿತು.

ಬೇರೆಯವರಾಗಿದ್ದರೆ ಆ ಬೈಕನ್ನು ಅಲ್ಲಿಗೇ ಗುಜರಿಗೆ ಹಾಕಿಸುತ್ತಿದ್ದರು. ಟೀಚರ್ ಕುತ್ತಿಗೆಗೆ ಜೋಲಿ ಕಟ್ಟಿಕೊಂಡೇ ಅಂಗಳಕ್ಕೆ ಬಂದು, ಬೈಕನ್ನು ಇಟ್ಟಿಗೆಗಳ ಮೇಲೆ ಏರಿಸಿ, ಅಣ್ಣನನ್ನು ಕೂರಿಸಿ, ವಾರ್ಡಿನ ಆಯಾಗಳಿಂದ ಅದನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದರು. ಆಗ ಅವರಿಗೆ ತಿಳಿದದ್ದೇ ಮುಂದೆ ನಮ್ಮೆಲ್ಲರ ಮೊದಲ ಪಾಠವಾಯಿತು. ಮುಂಡದಲ್ಲಿ ಬಲವಿಲ್ಲದವನು ಬಲಕ್ಕೆ ತಿರುಗುವಾಗ ಮೈ ಎಡಕ್ಕೆ ಎಸೆಯಲ್ಪಡುತ್ತದೆ. ಬೀಳಬಾರದೆಂದು ಅವನು ಹ್ಯಾಂಡಲಿನ ಬಲತುದಿಗೆ ಜೋತುಬೀಳುತ್ತಾನೆ. ಜೋತುಬಿದ್ದಷ್ಟೂ ಹ್ಯಾಂಡಲು ಇನ್ನೂ ಬಲಕ್ಕೆ ತಿರುಗುತ್ತದೆ. ತಿರುವು ಕಿರಿದಾಗಿ, ಮೈ ಇನ್ನೂ ಜೋರಾಗಿ ಎಡಕ್ಕೆ ಹಾರಿ, ಒಳಗಡೆಯ ಗಾಲಿ ನೆಲ ಬಿಡುತ್ತದೆ. ಬೀಳಿಸುವುದು ಗಾಲಿಯಲ್ಲ, ಹಿಡಿದುಕೊಂಡ ಕೈ.

"ದುರೈಕ್ಕಣ್ಣು, ನೀನು ಹ್ಯಾಂಡಲ್ ಮೇಲೆ ಕೂತಿದೀಯ ಕಣಪ್ಪಾ," ಎಂದರಂತೆ. "ಸೀಟು ಇರೋದು ಯಾಕೆ ಹಾಗಾದ್ರೆ?"

ಅಂದಿನಿಂದ ಕೇಂದ್ರದ ಪದ್ಧತಿ ಇದು: ಇಟ್ಟಿಗೆಯ ಮೇಲಿನ ಬೈಕನ್ನು ಅಲ್ಲಾಡಿಸುತ್ತಿದ್ದರೂ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರಬಲ್ಲವರಿಗೆ ಮಾತ್ರ ಕೀಲಿ. ಅದಕ್ಕಾಗಿ ಸೀಟು ಹಿಂದಕ್ಕೆ ತುಸು ಇಳಿಜಾರಾಗಬೇಕು, ಮಂಡಿಗಳು ಸೊಂಟಕ್ಕಿಂತ ಮೇಲಿರಬೇಕು, ಸೆಳೆತ ಬಂದು ಕಾಲು ಜಾರಿ ಸೈಲೆನ್ಸರಿಗೆ ತಾಗಿದರೆ ಸುಟ್ಟದ್ದೂ ತಿಳಿಯದಾದ್ದರಿಂದ ಪಾದಗಳಿಗೆ ಗೂಡು ಬೇಕು. ಇವೆಲ್ಲಕ್ಕಿಂತ ಮಿಗಿಲಾದದ್ದು ಬೆಲ್ಟು. ಮೈಮೇಲೆ ಸ್ಪರ್ಶ ಎಲ್ಲಿ ನಿಲ್ಲುತ್ತದೋ ಆ ಗೆರೆಯನ್ನು ಟೀಚರ್ ಬೆರಳಿಂದ ಒತ್ತಿ ಒತ್ತಿ ಹುಡುಕಿ, ಬೆಲ್ಟಿನ ಅರ್ಧ ಗೆರೆಯ ಮೇಲೆ, ಅರ್ಧ ಕೆಳಗೆ ಬರುವಂತೆ ಕಟ್ಟುತ್ತಾರೆ. "ಕೆಳಗಿನರ್ಧ ಹಿಡಿಯೋಕೆ. ಮೇಲಿನರ್ಧ, ಹಿಡಿದಿದೆಯೋ ಇಲ್ಲವೋ ಅಂತ ನಿಂಗೆ ಗೊತ್ತಾಗೋಕೆ."

ನಾನು ಅವರ ಕೈಗೆ ಬಂದದ್ದು ಬಿ.ಎ. ಮುಗಿಸಿದ ವರ್ಷ, ಬಸ್ಸೊಂದು ಮಗುಚಿ ಎದೆಯಿಂದ ಕೆಳಗೆ ಎಲ್ಲವೂ ಮೌನವಾದ ಮೇಲೆ. ನನ್ನ ಗೆರೆ ಎದೆಯ ನಡುವೆಯೇ ಹಾದುಹೋಗುತ್ತಿತ್ತು. ಅಷ್ಟು ಅಗಲದ ಕಪ್ಪು ಬೆಲ್ಟನ್ನು ಎದೆಗೆ ಅಡ್ಡಲಾಗಿ ಕಟ್ಟಿಕೊಂಡು ಬೀದಿಯಲ್ಲಿ ಹೋಗುವುದೆಂದರೆ ನನಗೆ ಪ್ರಾಣ ಹೋದಂತಾಗುತ್ತಿತ್ತು. ಬೆನ್ನ ಹಿಂದೆ ಆಯಾ ಕಟ್ಟುವಾಗ ಮೆಲ್ಲಗೆ ಅದನ್ನು ಸೊಂಟಕ್ಕೆ ಇಳಿಸಿಕೊಂಡು, ಮೇಲೆ ದುಪಟ್ಟಾ ಹೊದ್ದುಕೊಳ್ಳುತ್ತಿದ್ದೆ. ಸೊಂಟದಲ್ಲಿ ಅದು ಬಿಗಿಯಾಗಿದೆಯೋ ಜಾರಿದೆಯೋ ನನಗೆ ತಿಳಿಯುವಂತಿರಲಿಲ್ಲ. ಮೊದಲ ಅಲ್ಲಾಟಕ್ಕೇ ಮುಂದಕ್ಕೆ ಮಡಚಿ ಬಿದ್ದೆ. ಟೀಚರ್ ಬೈಯಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಕೆಲವು ದಿನ ಕಳೆದು, ಬೆಲ್ಟನ್ನು ಒಳಗೇ ಇಟ್ಟು ಹೊಲಿದ, ನೆಗಮಂ ಊರಿನ ಕೈಮಗ್ಗದ ಸೀರೆಯ ಅಂಚಿನ ಒಂದು ಚೆಂದದ ಮೇಲಂಗಿ ತಂದರು. ಅಂಥದೇ ಇನ್ನೊಂದನ್ನು ತಾವೂ ಸೀರೆಯ ಮೇಲೆ ತೊಟ್ಟಿದ್ದರು!

"ಏನ್ ನೋಡ್ತೀಯ ಅಮ್ಮಣಿ? ಹೊಸ ಫ್ಯಾಷನ್ನು. ನೀನು ಹಾಕ್ಕೊಳ್ಳದಿದ್ರೆ ಈ ವಯಸ್ಸಲ್ಲಿ ನಾನೊಬ್ಬಳೇ ಹುಚ್ಚಿ ಥರ ಓಡಾಡ್ಬೇಕಾಗುತ್ತೆ."

ಅದನ್ನು ತೊಟ್ಟು ಕುಳಿತ ದಿನ ಆಯಾಗಳು ಬೈಕನ್ನು ಎಷ್ಟೇ ಕುಲುಕಿದರೂ ನನ್ನ ಕೈಗಳು ಮಡಿಲು ಬಿಡಲಿಲ್ಲ. ನಾನು ಜೋರಾಗಿ ನಕ್ಕೆನೆಂದು ಎಲ್ಲರೂ ಹೇಳುತ್ತಾರೆ. "ಇನ್ನು ನಿನ್ನ ತಲೇನೇ ನಿನ್ನ ಸೊಂಟ," ಎಂದರು ಟೀಚರ್. "ತಿರುವಿಗೆ ಮುಂಚೆ ಗಾಡಿ ನಿಧಾನ ಮಾಡಿ, ತಲೇನ ಒಳಗಡೆಗೆ ಕಳ್ಸು. ಮೈ ತಾನಾಗಿ ಹೋಗುತ್ತೆ."

ಆದರೆ ನನಗೆಂದು ಮಾಡಿಸಿದ್ದ ಮೂರು ಗಾಲಿಯ ಬೈಕಿನ ಕೀಲಿ ನನ್ನ ಅಪ್ಪನ ಬಳಿ ಇತ್ತು. ಪೇಟೆಯ ಕಾಲೇಜಿನಲ್ಲಿ ಎಂ.ಎ.ಗೆ ಸೀಟು ಸಿಕ್ಕಿತ್ತು. ಬಸ್ಸಿನ ಮೆಟ್ಟಿಲು ನನ್ನಿಂದಾಗದು. ಬೈಕಿಲ್ಲದಿದ್ದರೆ ಓದೂ ಇಲ್ಲ. ತೆಂಗಿನ ನಾರಿನ ಮಿಲ್ಲಿನಲ್ಲಿ ಮೇಸ್ತ್ರಿಯಾದ ಅಪ್ಪ ಚೆನ್ನಿಯಪ್ಪನ್ ಅವರು ಟೀಚರ ಮುಂದೆ ಕೈಕಟ್ಟಿ ನಿಂತು, "ಒಂದ್ಸಲ ಆಸ್ಪತ್ರೆ ಬಾಗಿಲಲ್ಲಿ ಕಾದದ್ದು ಸಾಕು ಟೀಚರಮ್ಮಾ. ಇನ್ನೊಂದ್ಸಲ ನನ್ನಿಂದ ಆಗಲ್ಲ. ಬೈಕು ಮಾರಿಬಿಡ್ತೀನಿ," ಎಂದರು.

"ಮಾರಿ ಅಣ್ಣಾ. ಆದ್ರೆ ಆಡಿ ಹದಿನೆಂಟರ ಹಬ್ಬ ಮುಗೀಲಿ. ಅವತ್ತು ನಿಮ್ಮ ಮಗಳು ಅರಸಿಯ ಹಿಂದೆ ನೀವೇ ಕೂತ್ಕೊಳ್ಳಿ. ಹೊಳೆ ಹತ್ರ ಇಳಿದ ಮೇಲೂ ಮಾರಬೇಕು ಅನ್ನಿಸಿದ್ರೆ ಗಿರಾಕೀನ ನಾನೇ ಹುಡುಕ್ತೀನಿ."

ಮಳೆಗಾಲದ ಆಡಿ ತಿಂಗಳ ಹದಿನೆಂಟರಂದು ಅಮರಾವತಿ ಹೊಳೆಗೆ ಹೋಗಿ ಹೊಸ ನೀರಿಗೆ ಕೈಮುಗಿದು ಚಿತ್ರಾನ್ನ ಉಣ್ಣುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಕೇಂದ್ರದವರು ಹೋಗುವುದು ಮೂರು ಗಾಲಿಗಳ ಸಾಲಿನಲ್ಲಿ; ಆ ವರ್ಷ ಕಲಿತವರು ಎಲ್ಲರಿಗಿಂತ ಮುಂದೆ, ಹಳಬರು ಅವರ ವೇಗಕ್ಕೆ ತಕ್ಕಂತೆ ಹಿಂದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಹುಚ್ಚೆದ್ದಿರುವ ದಿನವನ್ನೇ ಟೀಚರ್ ಪರೀಕ್ಷೆಯಾಗಿ ಆರಿಸಿದ್ದು ಯಾಕೆಂದು ಕೇಳಿದರೆ, "ಸುಮ್ಮನಿರೋ ಗಾಳೀಲಿ ಯಾರ್ ಬೇಕಾದ್ರೂ ಕೂರ್ತಾರೆ" ಎನ್ನುತ್ತಾರೆ. ಇನ್ನೊಂದು ಕಟ್ಟಳೆಯೂ ಇತ್ತು: ಏನೇ ಆದರೂ ಮುಂದಿನವರನ್ನು ಯಾರೂ ಕೂಗಬಾರದು, ಹಾರನ್ ಹೊಡೆಯಬಾರದು. ಕೂಗಿದರೆ ತಲೆ ಹಿಂದಕ್ಕೆ ಹೊರಳುತ್ತದೆ; ತಲೆ ಹೊರಳಿದರೆ ಮೈ ಹೋಗುತ್ತದೆ.

ನಾನು ಮುಂದೆ, ನನ್ನ ಹಿಂದೆ ಅಪ್ಪ. ಟೀಚರ್ ದುರೈಕ್ಕಣ್ಣು ಅಣ್ಣನ ಬೈಕಿನಲ್ಲಿ. ತೆಂಗಿನ ತೋಟ ಮುಗಿದು ಗಾಳಿಯಂತ್ರಗಳ ಬಯಲು ಬಂದೊಡನೆ ಬಲಗಡೆಯಿಂದ ಗಾಳಿ ಅಪ್ಪಳಿಸಿತು. ಕಾಲುವೆಯ ಸೇತುವೆ ದಾಟಿ ರಸ್ತೆ ಬಲಕ್ಕೆ ತಿರುಗುವಲ್ಲಿ ನಾನು ನಿಧಾನಿಸಿ ತಲೆಯನ್ನು ಒಳಕ್ಕೆ ಕಳಿಸಿದೆ. ಅಷ್ಟರಲ್ಲಿ ಗಾಳಿಯೂ ತಿರುವೂ ನನ್ನನ್ನು ಒಂದೇ ಕಡೆಗೆ, ಎಡಕ್ಕೆ ಎಸೆದವು. ಅಪ್ಪ ಹೆದರಿ ನನ್ನ ಎರಡೂ ಭುಜಗಳನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆಳೆದುಕೊಂಡರು. ಮಗಳು ಬೀಳಬಾರದೆಂದು! ನನ್ನ ತೂಕವೂ ಅವರ ತೂಕವೂ ಸೇರಿ ನನ್ನ ಬಲಗೈಗೆ ಬಂದವು. ಹ್ಯಾಂಡಲು ಒಳಕ್ಕೆ ಬರತೊಡಗಿತು. ಬಲಗಾಲಿ ಹಗುರಾಯಿತು, ಅದು ನೆಲ ಬಿಟ್ಟದ್ದು ನನಗೆ ಬೆಲ್ಟಿನ ಮೇಲಿನರ್ಧದಲ್ಲಿ ತಿಳಿಯಿತು.

"ಅಪ್ಪಾ! ಕೈ ಬಿಡು! ಬಿಡು ಅಂದೆ ತಾನೇ! ಬಲಕ್ಕೆ ಬಾಗು!"

ಅಂಥ ದನಿ ನನ್ನೊಳಗಿದೆಯೆಂದು ನನಗೇ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲವಾದ್ದರಿಂದಲೋ ಏನೋ, ಕೇಳಿದ ಕ್ಷಣವೇ ಭುಜ ಬಿಟ್ಟು, ಪಕ್ಕದ ಕಂಬಿ ಹಿಡಿದು, ನನ್ನೊಡನೆ ಬಾಗಿದರು. ಗಾಲಿ ಧಡ್ಡೆಂದು ನೆಲ ಕಂಡಿತು. ನನ್ನ ಬಲಗೈ ಸಡಿಲವಾಯಿತು. ಬೈಕು ತಿರುವಿನಿಂದ ನೇರ ರಸ್ತೆಗೆ, ಗಾಳಿಯ ಎದುರಿಗೆ ಹೊರಳಿಕೊಂಡಿತು. ಹಿಂದಿನ ಸಾಲಿನಿಂದ ಒಂದು ಸದ್ದೂ ಇಲ್ಲ.

ಹೊಳೆಯ ದಡದಲ್ಲಿ ಎಲ್ಲ ಎಂಜಿನ್ನುಗಳೂ ನಿಂತ ಮೇಲೆ ಗದ್ದಲವೋ ಗದ್ದಲ. "ಟೀಚರ್ ಬಾಯಿಗೆ ಸೆರಗು ತುರುಕ್ಕೊಂಡಿದ್ರು," ಎಂದರು ದುರೈಕ್ಕಣ್ಣು ಅಣ್ಣ. "ಇನ್ನೊಂದು ಕೈಲಿ ನನ್ನ ಭುಜ ಹಿಂಡಿದ್ದೇನು! ನಂಗೆ ನೋವು ಗೊತ್ತಾಗೋ ಜಾಗಾನೇ ಕಮ್ಮಿ, ಅಲ್ಲೇ ಹಿಂಡ್ಬೇಕಾ ಟೀಚರ್?"

ಟೀಚರ್ ಆಗಲೇ ನನ್ನ ಮೇಲಂಗಿಯ ಗುಂಡಿ ಬಿಚ್ಚಿ, ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಿದ್ದರು. ತಿರುವಿನಲ್ಲಿ ಹಿಂದಿನ ಸಾಲಿನ ಆ ಮೌನದ ಬೆಲೆ ನನಗೆ ಅರ್ಥವಾದದ್ದು ಆಗ. ಒಂದು ಸಲ ಕೂಗಿ ನನ್ನನ್ನು ಕಾಪಾಡಬೇಕೆಂಬ ಆಸೆಯನ್ನು ನುಂಗಿಕೊಂಡು, ಕಾಪಾಡಿಕೊಳ್ಳುವುದನ್ನು ನನಗೇ ಬಿಟ್ಟಿದ್ದರು.

ಅಪ್ಪ ಎಲೆಯ ಮೇಲೆ ತೆಂಗಿನಕಾಯಿ ಅನ್ನ ಹಾಕಿಕೊಂಡು ನನ್ನೆದುರು ಕುಕ್ಕರುಗಾಲಲ್ಲಿ ಕೂತರು.

"ಗಿರಾಕಿ ಹುಡುಕಲಾ ಅಣ್ಣಾ?" ಎಂದರು ಟೀಚರ್.

"ಬೇಡಿ ಟೀಚರಮ್ಮಾ," ಎಂದು ಅಪ್ಪ ಜೇಬಿನಿಂದ ಕೀಲಿ ತೆಗೆದು ನನ್ನ ಮಡಿಲಿಗಿಟ್ಟರು. "ಕಾಲೇಜಿಗೆ ಒಬ್ಬಳೇ ಹೋಗು ತಾಯಿ. ನಾನು ಹಿಂದೆ ಕೂತ್ರೆ ಬೀಳಿಸ್ತೀನಿ, ಅಲ್ದೆ ದಾರಿಯುದ್ದಕ್ಕೂ ಬೈಸಿಕೊಳ್ಬೇಕು."

ಎಂ.ಎ. ಮುಗಿಯಿತು. ಈಗ ಅದೇ ಪೇಟೆಯ ಶಾಲೆಯೊಂದರಲ್ಲಿ ತಮಿಳು ಕಲಿಸುತ್ತಿದ್ದೇನೆ. ಮೇಲಂಗಿಯನ್ನು ದುಪಟ್ಟಾದ ಅಡಿಯಲ್ಲಿ ಮುಚ್ಚುವುದನ್ನು ಬಿಟ್ಟು ಬಹಳ ಕಾಲವಾಯಿತು. ಟೀಚರ್ ಕೇಂದ್ರದ ಕುರ್ಚಿಯಿಂದ ಏಳುತ್ತಿದ್ದಾರೆಯೇ ಹೊರತು ಕೆಲಸದಿಂದಲ್ಲ. ಧಾರಾಪುರದಿಂದ ಹೊಸದಾಗಿ ಬಂದಿರುವ ಗಾರೆ ಕೆಲಸದ ರಾಕ್ಕಿಯಣ್ಣನ್ ಅವರ ಗೆರೆಯನ್ನು ಕಳೆದ ವಾರವಷ್ಟೇ ಹುಡುಕಿ ಗುರುತಿಸಿದ್ದಾರೆ. ಬರುವ ಆಡಿಗೆ ಸಾಲಿನಲ್ಲಿ ರಾಕ್ಕಿಯಣ್ಣನ್ ಅವರೇ ಮುಂದೆ. ನಮ್ಮ ಪ್ರೀತಿಯ ಟೀಚರಿಗೆ ಗಟ್ಟಿ ಮೂಳೆಯೂ ದೀರ್ಘಾಯುಷ್ಯವೂ ಇರಲಿ. ಇನ್ನೂ ಎಷ್ಟೋ ಮಂದಿ ಹೊಸಬರು ಅವರ ಕಣ್ಣೆದುರಿಗೇ ಆ ಕಾಲುವೆಯ ತಿರುವನ್ನು ದಾಟಲಿ. ಪ್ರತಿ ಸಲವೂ ಅವರು ಸೆರಗು ಕಚ್ಚಿಕೊಂಡು ಸುಮ್ಮನಿರಲಿ, ಹೊಳೆ ತಲುಪಿದ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಲಿ.